ಯಾವ ದೊರೆಯ ಸೇನೆ ಸೇರುವುದು? ಪರದೇಶಕ್ಕೆ ಹೊರಟ ಸ್ಕಾಟಿಷ್ ಸೈನಿಕನ ಮುಂದಿದ್ದ ದಾರಿಗಳ ಹೋಲಿಕೆ

1630ರ ಸುಮಾರಿನ ಸ್ಕಾಟ್ಲೆಂಡ್. ಅಬರ್ಡೀನ್ ಕಡೆಯ ಒಂದು ಸಾಧಾರಣ ಜಮೀನ್ದಾರರ ಮನೆ. ಮಕ್ಕಳು ನಾಲ್ಕೈದು. ಜಮೀನು, ಮನೆ, ಮನೆತನದ ಹೆಸರು ಎಲ್ಲವೂ ಹಿರಿಮಗನಿಗೆ. ಉಳಿದವರು ಚರ್ಚಿನ ಕೆಲಸ ಹಿಡಿಯಬೇಕು, ವಕೀಲಿ ಕಲಿಯಬೇಕು, ಇಲ್ಲವೇ ವ್ಯಾಪಾರಕ್ಕೆ ಇಳಿಯಬೇಕು. ಅದ್ಯಾವುದೂ ಆಗದಿದ್ದರೆ ಹಡಗು ಹತ್ತಿ ಪರದೇಶದ ದೊರೆಯೊಬ್ಬನ ಸೇನೆ ಸೇರಬೇಕು. ಮುಂದೆ ರಷ್ಯಾದಲ್ಲಿ ಜನರಲ್ ಆದ ಪ್ಯಾಟ್ರಿಕ್ ಗಾರ್ಡನ್ ತನ್ನ ದಿನಚರಿಯಲ್ಲಿ ಇದನ್ನೇ ಹೇಳಿಕೊಂಡಿದ್ದಾನೆ. ತಾನು ಕಿರಿಯ ಮನೆತನದ ಕಿರಿಯ ತಮ್ಮನ ಕಿರಿಯ ಮಗ, ಪಾಲಿಗೆ ಬರುವ ಆಸ್ತಿ ತೀರಾ ಸ್ವಲ್ಪ ಎಂದು.

ಹೀಗೆ ಹೊರಟವರು ಒಬ್ಬಿಬ್ಬರಲ್ಲ. 1618ರಿಂದ 1648ರವರೆಗೆ ಜರ್ಮನಿಯ ನೆಲದಲ್ಲಿ, ಮುಖ್ಯವಾಗಿ ಕ್ಯಾಥೊಲಿಕ್ ಚಕ್ರವರ್ತಿಗೂ ಪ್ರೊಟೆಸ್ಟೆಂಟ್ ದೊರೆಗಳಿಗೂ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಸುಮಾರು 50,000 ಸ್ಕಾಟರು ಬೇರೆ ಬೇರೆ ಸೇನೆಗಳಲ್ಲಿ ಇದ್ದರು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಆಗ ಆ ದೇಶದ ಒಟ್ಟು ಜನಸಂಖ್ಯೆಯೇ ಹತ್ತು ಲಕ್ಷದ ಆಸುಪಾಸು. ಲೆಸ್ಲಿ, ಗಾರ್ಡನ್, ಹ್ಯಾಮಿಲ್ಟನ್, ಮನ್ರೋ ಎಂಬ ಹೆಸರುಗಳು ಸ್ವೀಡನ್, ಪೋಲೆಂಡ್, ರಷ್ಯಾ, ಆಸ್ಟ್ರಿಯಾ, ಎಲ್ಲ ಕಡೆಯ ದಾಖಲೆಗಳಲ್ಲೂ ಸಿಗುತ್ತವೆ. ಎಷ್ಟೋ ಸಲ ಯುದ್ಧದ ಎರಡೂ ಬದಿಯಲ್ಲಿ ಒಂದೇ ಮನೆತನದವರು ನಿಂತಿರುತ್ತಿದ್ದರು.

ಆ ಹುಡುಗನ ಜಾಗದಲ್ಲಿ ನಿಂತು ಯೋಚಿಸಿದರೆ ಯಾವ ಸೇನೆ ಒಳ್ಳೆಯದು? ಈ ಇತಿಹಾಸ ಓದಲು ಶುರು ಮಾಡಿದವರಿಗೆ, ಈ ಕಾಲದ ಮೇಲೆ ಕಥೆಯನ್ನೋ ನಾಟಕವನ್ನೋ ಬರೆಯಬೇಕು ಅನ್ನುವವರಿಗೆ ಈ ಹೋಲಿಕೆ ಉಪಯೋಗಕ್ಕೆ ಬರಬಹುದು. ಸಾಮಾನ್ಯವಾಗಿ ಎಲ್ಲರೂ ನೋಡುವುದು ಮೂರು ವಿಷಯ. ಸಂಬಳ ಸರಿಯಾಗಿ ಬರುತ್ತದಾ? ಬಡ್ತಿ ಬೇಗ ಸಿಗುತ್ತದಾ? ನನ್ನ ಧರ್ಮ ನನಗೆ ಉಳಿಯುತ್ತದಾ? ಮೂರೂ ಮುಖ್ಯವೇ. ಆದರೆ ಈ ಸೈನಿಕರ ಬದುಕುಗಳನ್ನು ಓದುತ್ತಾ ಹೋದಂತೆ ನನಗೆ ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದೆ. ಬೇಕೆಂದಾಗ ಬಿಟ್ಟು ಬರಲು ಬಿಡುತ್ತಾರಾ? ಸೇರಿಸಿಕೊಳ್ಳುವಾಗ ಎಲ್ಲ ದೊರೆಗಳೂ ಒಂದೇ ತರಹ ಮಾತಾಡುತ್ತಿದ್ದರು. ಅವರ ನಡುವಿನ ನಿಜವಾದ ವ್ಯತ್ಯಾಸ ತಿಳಿಯುತ್ತಿದ್ದದ್ದು ಬಿಡುಗಡೆ ಕೇಳಿದ ದಿನ.

ಒಂದು ಮಾತು ಮೊದಲೇ ಹೇಳಬೇಕು. ಆಯ್ಕೆ ಎಂಬುದು ಇದ್ದದ್ದು ಮನೆತನ, ಪರಿಚಯ, ಸ್ವಲ್ಪ ಓದು ಇದ್ದವರಿಗೆ. ಊರೂರಲ್ಲಿ ತಮಟೆ ಬಡಿಸಿ ಆಳು ಸೇರಿಸುತ್ತಿದ್ದರು. ಸಾಲದಿದ್ದರೆ ಅಲೆಮಾರಿಗಳನ್ನು, ಜೈಲಿನಲ್ಲಿದ್ದವರನ್ನು ಹಿಡಿದು ಹಡಗಿಗೆ ತುಂಬಿದ್ದೂ ಉಂಟು. ಅಂಥವರನ್ನು ಯಾವ ದೇಶ ಬೇಕು ಎಂದು ಯಾರೂ ಕೇಳಲಿಲ್ಲ. ಅವರ ದಿನಚರಿಗಳೂ ನಮಗೆ ಉಳಿದಿಲ್ಲ.

ಅವರಲ್ಲಿ ಎಷ್ಟೋ ಜನ ಯುದ್ಧವನ್ನೇ ನೋಡಲಿಲ್ಲ. 1612ರಲ್ಲಿ ಸ್ವೀಡನ್ನಿನ ಸೇನೆ ಸೇರಲು ಹೊರಟ ಸುಮಾರು 300 ಸ್ಕಾಟರು ನಾರ್ವೆಯ ಬೆಟ್ಟದ ದಾರಿಯಲ್ಲಿ ನಡೆದು ಹೋಗುತ್ತಿದ್ದರು. ಆಗ ನಾರ್ವೆ ಡೆನ್ಮಾರ್ಕಿನ ದೊರೆಯ ಕೈಯಲ್ಲಿತ್ತು, ಡೆನ್ಮಾರ್ಕಿಗೂ ಸ್ವೀಡನ್ನಿಗೂ ಯುದ್ಧ ನಡೆಯುತ್ತಿತ್ತು. ಕ್ರಿಂಗೆನ್ ಎಂಬ ಇಕ್ಕಟ್ಟಿನ ಜಾಗದಲ್ಲಿ ಊರಿನ ರೈತರೇ ಅಡ್ಡಗಟ್ಟಿ ಹೊಡೆದರು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರನ್ನು ಮರುದಿನ ಕೊಂದುಹಾಕಿದರು. ದೊರೆಯ ಮುಖವನ್ನಾಗಲಿ, ಒಂದು ತಿಂಗಳ ಸಂಬಳವನ್ನಾಗಲಿ ಅವರು ಕಾಣಲಿಲ್ಲ.

ಡಚ್ಚರ ಸೇವೆ

ಲೆಕ್ಕಾಚಾರದ ಮನುಷ್ಯನಿಗೆ ಇದೇ ಮೊದಲ ಜಾಗ. 1572ರಲ್ಲಿ ಸ್ಪೇನಿನ ವಿರುದ್ಧ ಡಚ್ಚರು ದಂಗೆ ಎದ್ದಾಗ ಸ್ಕಾಟಿಷ್ ತುಕಡಿಗಳು ಅಲ್ಲಿಗೆ ಹೋದವು. ಹೋದವು, ಉಳಿದೇಬಿಟ್ಟವು. ಮುಂದೆ ಸ್ಕಾಟ್ಸ್ ಬ್ರಿಗೇಡ್ ಎಂದು ಹೆಸರಾದ ಈ ಪಡೆ 1782ರವರೆಗೆ, ಅಂದರೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಡಚ್ಚರ ಕೆಲಸ ಮಾಡಿತು. ಬೇರೆ ದೊರೆಗಳು ಯುದ್ಧ ಮುಗಿದ ಕೂಡಲೇ ಬಾಡಿಗೆ ಪಡೆಗಳನ್ನು ಮನೆಗೆ ಕಳಿಸುತ್ತಿದ್ದರು. ಡಚ್ಚರು ಶಾಂತಿಯ ಕಾಲದಲ್ಲೂ ಇವರನ್ನು ಕೋಟೆ ಊರುಗಳಲ್ಲಿ ಇಟ್ಟುಕೊಂಡರು.

ಸಂಬಳದ ವಿಚಾರದಲ್ಲಿ ಆ ಕಾಲಕ್ಕೆ ಡಚ್ಚರನ್ನು ಮೀರಿಸಿದವರಿಲ್ಲ. ಒಂದು ಕೊಕ್ಕೆ ಇತ್ತು: ಅವರ ಸಂಬಳದ 'ತಿಂಗಳು' 42 ದಿನದ್ದು. ಹಾಗಾಗಿ ತಿಂಗಳ ಮೊತ್ತವನ್ನು ಬೇರೆ ಸೇನೆಯದರ ಜೊತೆ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಆದರೂ ಹಣ ಬರುತ್ತಿತ್ತು. ಸರ್ಕಾರದ ಖಜಾನೆಯಿಂದ ತಡವಾದರೆ ಮುಂಗಡ ಕೊಡಲು ಲೇವಾದೇವಿಯವರ ಒಂದು ವರ್ಗವೇ ಅಲ್ಲಿತ್ತು. ಅವರು ಕಂಪನಿಯ ಕ್ಯಾಪ್ಟನ್ನನಿಗೆ ಹಣ ಕೊಟ್ಟು, ಆಮೇಲೆ ಪ್ರಾಂತ್ಯದಿಂದ ಬಡ್ಡಿ ಸಮೇತ ವಸೂಲಿ ಮಾಡಿಕೊಳ್ಳುತ್ತಿದ್ದರು. ಹೊಟ್ಟೆಗಿಲ್ಲದೆ ಸಿಪಾಯಿಗಳು ಹಳ್ಳಿ ಲೂಟಿ ಮಾಡುವ ಪರಿಸ್ಥಿತಿ ಜರ್ಮನಿಯಲ್ಲಿ ಇದ್ದಷ್ಟು ಇಲ್ಲಿ ಬರದಿದ್ದಕ್ಕೆ ಇದೂ ಒಂದು ಕಾರಣ.

ಧರ್ಮದ ತೊಂದರೆಯೂ ಇಲ್ಲ. ಡಚ್ಚರೂ ಕ್ಯಾಲ್ವಿನ್ ಪಂಥ (ಪ್ರೊಟೆಸ್ಟೆಂಟರಲ್ಲಿ ಒಂದು ಪಂಗಡ), ಸ್ಕಾಟರೂ ಅದೇ. ಪಡೆಗೆ ತನ್ನದೇ ಪಾದ್ರಿಗಳಿದ್ದರು. ರೋಟರ್‌ಡ್ಯಾಮ್‌ನಲ್ಲಿ 1643ರಿಂದ ಸ್ಕಾಟಿಷ್ ಚರ್ಚೇ ಇತ್ತು. ವೇರೆ ಎಂಬ ಬಂದರಿನಲ್ಲಿ ಸ್ಕಾಟಿಷ್ ವ್ಯಾಪಾರಿಗಳ ವಸಾಹತು. ಊರಿಗೆ ಹೋಗಿ ಬರುವ ಹಡಗು ಸುಲಭವಾಗಿ ಸಿಗುತ್ತಿತ್ತು. ಅಧಿಕಾರಿಗಳು ಆಳು ಸೇರಿಸುವ ನೆಪದಲ್ಲಿ ಮನೆಗೆ ಹೋಗಿ ಬರುತ್ತಿದ್ದರು.

ಹಾಗಾದರೆ ಕೊರತೆ ಏನು? ಬಡ್ತಿ ಬಹಳ ನಿಧಾನ. ಒಂದು ಪಡೆ ತಲೆಮಾರುಗಳ ಕಾಲ ನಿಂತರೆ ಮೇಲಿನ ಜಾಗಗಳಲ್ಲಿ ಅಪ್ಪ, ಮಗ, ಅಳಿಯ ತುಂಬಿಕೊಂಡಿರುತ್ತಾರೆ. ಹೊಸಬ ಕಾಯಬೇಕು. ಇದು ಗಣರಾಜ್ಯ ಬೇರೆ. ಒಂದು ಕೋಟೆ ಗೆದ್ದುಕೊಟ್ಟರೆ ಜಹಗೀರು ಬರೆದುಕೊಡುವ ದೊರೆ ಇಲ್ಲಿಲ್ಲ.

ನನ್ನ ನಾಲ್ಕನೆಯ ಪ್ರಶ್ನೆಗೆ ಡಚ್ಚರ ಉತ್ತರ 1688ರಲ್ಲಿ ಸ್ಪಷ್ಟವಾಗಿ ಕಂಡಿತು. ಬ್ರಿಟನ್ನಿನ ದೊರೆ ಜೇಮ್ಸ್ ತನ್ನ ಪ್ರಜೆಗಳನ್ನು ವಾಪಸ್ ಕಳಿಸಿ ಎಂದು ಕೇಳಿದ. ಹೋಗಬೇಕು ಅನ್ನುವ ಅಧಿಕಾರಿಗಳು ಹೋಗಬಹುದು, ಸಾಮಾನ್ಯ ಸಿಪಾಯಿಗಳನ್ನು ಬಿಡುವುದಿಲ್ಲ ಎಂದರು ಡಚ್ಚರು. ಹೋದವರು ಕೆಲವರೇ. ಹೆಚ್ಚಿನವರು ಅಲ್ಲೇ ಉಳಿದು, ಅದೇ ವರ್ಷ ಡಚ್ಚರ ನಾಯಕ ಆರೆಂಜಿನ ವಿಲಿಯಂ ಜೊತೆ ಇಂಗ್ಲೆಂಡಿಗೆ ಬಂದಿಳಿದರು, ಜೇಮ್ಸನನ್ನು ಇಳಿಸಲು. ಮರುವರ್ಷ ಜುಲೈ 27ರಂದು ಕಿಲಿಕ್ರ್ಯಾಂಕಿ ಕಣಿವೆಯಲ್ಲಿ ಹ್ಯೂ ಮೆಕ್ಕೈ ನಾಯಕತ್ವದಲ್ಲಿ ಇದೇ ಪಡೆಯವರು ತಮ್ಮದೇ ನಾಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್ ಜನರ ಎದುರು ನಿಂತು ಸೋತರು. ಪರದೇಶದಲ್ಲಿ ಕಲಿತ ಯುದ್ಧವನ್ನು ಊರಿಗೆ ತಂದು, ಊರಿನವರ ಮೇಲೇ ಮಾಡಬೇಕಾಯಿತು. ಈ ಭಾಗ ಓದುವಾಗ ನನಗೆ ಪ್ರತಿ ಸಲ ಮನಸ್ಸು ಭಾರವಾಗುತ್ತದೆ.

1782ರಲ್ಲಿ ಬ್ರಿಟನ್ನಿಗೂ ಡಚ್ಚರಿಗೂ ಯುದ್ಧ. ಕೆಂಪು ಕೋಟು ತೆಗೆದು ನೀಲಿ ಹಾಕಿ, ಡಚ್ ಭಾಷೆಯಲ್ಲಿ ಆಜ್ಞೆ ಕೊಡಿ, ಬ್ರಿಟನ್ನಿನ ನಿಷ್ಠೆ ಬಿಟ್ಟೆವು ಎಂದು ಪ್ರಮಾಣ ಮಾಡಿ ಎಂದು ಡಚ್ಚರು ಪಟ್ಟು ಹಿಡಿದರು. ಅನೇಕ ಅಧಿಕಾರಿಗಳು ಕೆಲಸ ಬಿಟ್ಟು ಹೊರಟರು. ಸುಮಾರು ಹತ್ತು ವರ್ಷದ ಮೇಲೆ ಬ್ರಿಟನ್ ಸ್ಕಾಚ್ ಬ್ರಿಗೇಡ್ ಎಂಬ ಹೆಸರಲ್ಲಿ ಪಡೆ ಕಟ್ಟಿತು, ಹಳೆಯ ಅಧಿಕಾರಿಗಳಲ್ಲಿ ಕೆಲವರು ಬಂದು ಸೇರಿದರು. ಆ ಪಡೆ ಬಂದಿಳಿದದ್ದು ಎಲ್ಲಿಗೆ ಗೊತ್ತಾ? ನಮ್ಮ ಕಡೆಗೆ. 1799ರ ಮಾರ್ಚಿನಲ್ಲಿ ಮಳವಳ್ಳಿಯ ಕಾಳಗದಲ್ಲಿ, ಮೇ 4ರಂದು ಟಿಪ್ಪು ಸತ್ತ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸ್ಕಾಚ್ ಬ್ರಿಗೇಡ್ ಇತ್ತು. ಅಲ್ಲೇ ಇದ್ದ ಡಿ ಮ್ಯೂರಾನ್ ಎಂಬ ಸ್ವಿಸ್ ರೆಜಿಮೆಂಟಿನದೂ ಇದೇ ಹಾದಿ. ಸಿಲೋನಿನಲ್ಲಿ ಡಚ್ ಕಂಪನಿಯ ಕೆಲಸದಲ್ಲಿದ್ದ ಅದು 1795ರಲ್ಲಿ ಬ್ರಿಟಿಷರ ಕಡೆಗೆ ಬಂದಿತ್ತು. ಯುರೋಪಿನ ಈ ಬಾಡಿಗೆ ಸೈನಿಕರ ಕಥೆ ನಮ್ಮ ಕಾವೇರಿ ದಡದವರೆಗೂ ಬಂದಿದೆ.

ಸ್ವೀಡನ್, ಜೊತೆಗೆ ಡೆನ್ಮಾರ್ಕ್

ಬೇಗ ಮೇಲೆ ಬರಬೇಕು, ಪ್ರೊಟೆಸ್ಟೆಂಟ್ ಆಗಿಯೇ ಇರಬೇಕು ಅನ್ನುವವನಿಗೆ 1620ರ ದಶಕದಿಂದ ಸ್ವೀಡನ್ನಿಗೆ ಸಾಟಿ ಇರಲಿಲ್ಲ. ದೊರೆ ಗುಸ್ತಾವ್ ಅಡಾಲ್ಫನಿಗೆ ದೇಶ ಸಣ್ಣದು, ಆಸೆ ದೊಡ್ಡದು. ಅಧಿಕಾರಿಗಳ ಕೊರತೆ ಯಾವಾಗಲೂ ಇತ್ತು. ಕೆಲಸ ಬಲ್ಲ ಸ್ಕಾಟನಿಗೆ ಕರ್ನಲ್ ಆಗುವುದು, ಕೋಟೆಯ ಉಸ್ತುವಾರಿ ಪಡೆಯುವುದು, ಸ್ವೀಡನ್ನಿನ ಶ್ರೀಮಂತ ವರ್ಗಕ್ಕೆ ಸೇರುವುದು ಇಲ್ಲಿ ಕನಸಿನ ಮಾತಾಗಿರಲಿಲ್ಲ. ಹ್ಯಾಮಿಲ್ಟನ್, ಡಗ್ಲಸ್, ಸ್ಪೆನ್ಸ್ ಎಂಬ ಸ್ಕಾಟಿಷ್ ಹೆಸರುಗಳು ಅಲ್ಲಿನ ಕುಲೀನ ಮನೆತನಗಳ ಪಟ್ಟಿ ಸೇರಿದ್ದು ಹೀಗೆಯೇ.

ಡೆನ್ಮಾರ್ಕ್ ಅದರ ಮುಂಚಿನ ಮೆಟ್ಟಿಲು. ಡೊನಾಲ್ಡ್ ಮೆಕ್ಕೈ ಕಟ್ಟಿದ ರೆಜಿಮೆಂಟ್ 1626ರಲ್ಲಿ ಡೆನ್ಮಾರ್ಕಿನ ಕೆಲಸಕ್ಕೆ ಹೊರಟಿತು. ರಾಬರ್ಟ್ ಮನ್ರೋ ಅದರಲ್ಲಿದ್ದ. ಅವನು ತನ್ನ ಅನುಭವ ಬರೆದು 1637ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಹೋದದ್ದು ಬರೀ ಹಣಕ್ಕಲ್ಲ ಎಂದು ಅವನು ಹೇಳುತ್ತಾನೆ. ಸ್ಕಾಟ್ಲೆಂಡಿನ ರಾಜಕುಮಾರಿ ಎಲಿಜಬೆತ್ ಬೊಹೀಮಿಯಾದ (ಇಂದಿನ ಚೆಕ್ ನಾಡಿನ) ರಾಣಿಯಾಗಿ, ಕ್ಯಾಥೊಲಿಕನಾದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಸೇನೆಯಿಂದ ರಾಜ್ಯ ಕಳೆದುಕೊಂಡಿದ್ದಳು. ಆಕೆಗಾಗಿ, ಪ್ರೊಟೆಸ್ಟೆಂಟ್ ಧರ್ಮಕ್ಕಾಗಿ ಹೋರಾಡುತ್ತೇವೆ ಎಂಬ ಭಾವನೆ ಆ ಪೀಳಿಗೆಯಲ್ಲಿ ನಿಜವಾಗಿಯೂ ಇತ್ತು. ಇವರನ್ನೆಲ್ಲ ಹಣಕ್ಕೆ ಕತ್ತಿ ಮಾರಿಕೊಂಡವರು ಎಂದು ತಳ್ಳಿಹಾಕುವುದು ತಪ್ಪು. 1628ರಲ್ಲಿ ಬಾಲ್ಟಿಕ್ ದಡದ ಸ್ಟ್ರಾಲ್‌ಸುಂಡ್ ಊರನ್ನು ಚಕ್ರವರ್ತಿಯ ಸೇನಾಪತಿ ವಾಲೆನ್‌ಸ್ಟೈನ್ ಮುತ್ತಿದಾಗ ಗೋಡೆಯ ಅತಿ ದುರ್ಬಲ ಭಾಗವನ್ನು ಕಾದವರು ಇದೇ ಮೆಕ್ಕೈ ಪಡೆಯವರು. ಆಮೇಲೆ ಸ್ವೀಡನ್ನಿನಿಂದ ನೆರವು ತಂದವನು ಅಲೆಕ್ಸಾಂಡರ್ ಲೆಸ್ಲಿ. ಊರು ಉಳಿಯಿತು. ಡೆನ್ಮಾರ್ಕ್ ಯುದ್ಧ ಬಿಟ್ಟಾಗ ಪಡೆ ಸ್ವೀಡನ್ನಿಗೆ ಸೇರಿತು.

ಸ್ವೀಡನ್ನಿನ ದೊಡ್ಡ ದೋಷ ಸಂಬಳ. ಕಾಗದದ ಮೇಲೆ ಚೆನ್ನಾಗಿತ್ತು. ಕೈಗೆ ಬರುವಾಗ ಬಾಕಿ, ಬಾಕಿಯ ಮೇಲೆ ಬಾಕಿ. ಅಧಿಕಾರಿಗಳಿಗೆ ಗೆದ್ದ ಜರ್ಮನ್ ನೆಲದಲ್ಲಿ ಜಮೀನು ಬರೆದುಕೊಡುತ್ತಿದ್ದರು. ಆ ನೆಲ ಮತ್ತೆ ಶತ್ರುವಿನ ಪಾಲಾದರೆ ಜಮೀನೂ ಹೋಯಿತು. 1634ರಲ್ಲಿ ನೋರ್ಡ್‌ಲಿಂಗನ್‌ನಲ್ಲಿ ಸ್ವೀಡನ್ ಸೋತ ಮೇಲೆ ಹಾಗೆಯೇ ಆಯಿತು. ಸಾಮಾನ್ಯ ಸಿಪಾಯಿಯ ಪಾಡು ಇನ್ನೂ ಕೆಟ್ಟದು. 1631ರಲ್ಲಿ ಹ್ಯಾಮಿಲ್ಟನ್ನಿನ ಮಾರ್ಕ್ವಿಸ್ ಎಂಬ ಪದವಿಯ ಸ್ಕಾಟಿಷ್ ಕುಲೀನ ಸುಮಾರು 6,000 ಜನರನ್ನು ಕರೆದುಕೊಂಡು ಹೋದ. ದೊಡ್ಡ ಕಾಳಗ ಯಾವುದೂ ಇಲ್ಲದೆ, ರೋಗ ಮತ್ತು ಹಸಿವಿನಿಂದಲೇ ಕೆಲವು ತಿಂಗಳಲ್ಲಿ ಆ ಸೇನೆ ಕರಗಿಹೋಯಿತು.

ಆದರೆ ಬಿಡುಗಡೆ? ಇಲ್ಲಿ ಸ್ವೀಡನ್ ನನಗೆ ಬಹಳ ಇಷ್ಟವಾಗುತ್ತದೆ. ಅಲೆಕ್ಸಾಂಡರ್ ಲೆಸ್ಲಿ ಮದುವೆಯಾಚೆ ಹುಟ್ಟಿದ ಮಗ, ಓದುಬರಹ ಹೆಚ್ಚಿಲ್ಲ ಎಂಬ ಮಾತಿತ್ತು. ಸುಮಾರು ಮೂವತ್ತು ವರ್ಷ ಸ್ವೀಡನ್ನಿನಲ್ಲಿ ದುಡಿದು 1636ರಲ್ಲಿ ಫೀಲ್ಡ್ ಮಾರ್ಷಲ್ ಆದ. ಅದೇ ವರ್ಷ ವಿಟ್‌ಸ್ಟಾಕ್‌ನ ಗೆಲುವಿನಲ್ಲಿ ಅವನ ಪಾಲು ದೊಡ್ಡದು. 1638ರಲ್ಲಿ ಸ್ಕಾಟ್ಲೆಂಡಿನಲ್ಲಿ ದೊರೆ ಚಾರ್ಲ್ಸ್ ಮತ್ತು ಪ್ರಜೆಗಳ ನಡುವೆ ಧರ್ಮದ ಜಗಳ ಹತ್ತಿತು. ಲೆಸ್ಲಿ ಊರಿಗೆ ಹೋಗುತ್ತೇನೆ ಎಂದ. ಸ್ವೀಡನ್ ತಡೆಯಲಿಲ್ಲ. ಬಾಕಿ ಸಂಬಳದ ಬದಲು ಫಿರಂಗಿ, ಕೋವಿಗಳನ್ನೇ ಕೊಟ್ಟು ಕಳಿಸಿತು. ಅವನ ಹಿಂದೆಯೇ ಎಷ್ಟೋ ಅನುಭವಿ ಅಧಿಕಾರಿಗಳು ಮರಳಿದರು. 1640ರಲ್ಲಿ ಲೆಸ್ಲಿಯ ಸೇನೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಹಿಡಿಯಿತು. ಮರುವರ್ಷ ಅದೇ ಚಾರ್ಲ್ಸ್ ಅವನಿಗೆ ಲೆವನ್ನಿನ ಅರ್ಲ್ ಪದವಿ ಕೊಡಬೇಕಾಯಿತು.

ಸ್ವೀಡನ್ ಇದನ್ನು ಸುಮ್ನೆ ಒಳ್ಳೆಯತನದಿಂದ ಮಾಡಲಿಲ್ಲ, ನಿಜ. ಸ್ಕಾಟ್ಲೆಂಡಿನಲ್ಲಿ ಗೆಳೆಯರಿರುವುದು ಅದಕ್ಕೆ ಬೇಕಿತ್ತು. ಆದರೂ ಬಿಟ್ಟು ಬಂದವನು ಕುಲೀನನಾಗಿ, ಕೈಯಲ್ಲಿ ಶಸ್ತ್ರ ಹಿಡಿದು, ತಲೆ ಎತ್ತಿ ಬಂದ.

ರಷ್ಯಾ

ಇದನ್ನು ಸ್ವಲ್ಪ ಉದ್ದವಾಗಿ ಹೇಳಬೇಕು. ಇಲ್ಲಿ ಸಿಗುವುದೂ ಜಾಸ್ತಿ, ಕಳೆದುಕೊಳ್ಳುವುದೂ ಜಾಸ್ತಿ.

ಪ್ಯಾಟ್ರಿಕ್ ಗಾರ್ಡನ್ ಹುಟ್ಟಿದ್ದು 1635ರಲ್ಲಿ, ಅಬರ್ಡೀನ್ ಸೀಮೆಯ ಆಕ್‌ಲುಕ್ರೀಸ್‌ನಲ್ಲಿ. ಕ್ಯಾಥೊಲಿಕ್ ಮನೆ. ಸ್ಕಾಟ್ಲೆಂಡಿನಲ್ಲಿ ಕ್ಯಾಥೊಲಿಕನಿಗೆ ವಿಶ್ವವಿದ್ಯಾಲಯವೂ ಇಲ್ಲ, ಹುದ್ದೆಯೂ ಇಲ್ಲ. 1651ರಲ್ಲಿ, ಹದಿನಾರನೆಯ ವಯಸ್ಸಿಗೆ, ಡ್ಯಾನ್‌ಜಿಗ್‌ಗೆ (ಇಂದಿನ ಪೋಲೆಂಡಿನ ಗ್ಡಾನ್ಸ್ಕ್ ಬಂದರು) ಹಡಗು ಹತ್ತಿದ. ಬ್ರೌನ್ಸ್‌ಬರ್ಗ್‌ನ ಜೆಸ್ವಿಟ್ ಕಾಲೇಜಿನಲ್ಲಿ ಕೆಲವು ಕಾಲ ಓದಿದ, ಮನಸ್ಸು ನಿಲ್ಲಲಿಲ್ಲ, ಬಿಟ್ಟು ನಡೆದ.

ಆ ಸೀಮೆಯಲ್ಲಿ ಸ್ಕಾಟನೊಬ್ಬ ಒಂಟಿಯಾಗಿ ಅಲೆದರೂ ಪೂರ್ತಿ ಅನಾಥನಲ್ಲ. ಪೋಲೆಂಡಿನ ಊರೂರಲ್ಲಿ ಸ್ಕಾಟಿಷ್ ವ್ಯಾಪಾರಿಗಳು, ತಲೆಹೊರೆ ವ್ಯಾಪಾರದವರು ಇದ್ದರು. ಡ್ಯಾನ್‌ಜಿಗ್‌ನಲ್ಲಿ ಹಳೆಯ ಸ್ಕಾಟ್ಲೆಂಡ್ ಎಂಬ ಕೇರಿಯೇ ಇದೆ. ಪೋಲೆಂಡಿನ ಸೇನೆಯ ಬಗ್ಗೆ ಬೇರೆ ವಿಭಾಗ ಬರೆಯದಿರಲು ಕಾರಣವೂ ಇದೇ. ಆ ದೇಶ ಸ್ಕಾಟರಿಗೆ ಸೇನೆಗಿಂತ ಹೆಚ್ಚಾಗಿ ಸಂತೆಯಾಗಿತ್ತು. ವ್ಯಾಪಾರದ ಬುದ್ಧಿ ಇದ್ದವನು ಅಲ್ಲಿ ಕತ್ತಿ ಹಿಡಿಯುವ ಅಗತ್ಯವೇ ಇರಲಿಲ್ಲ.

1655ರಲ್ಲಿ ಗಾರ್ಡನ್, ಪೋಲೆಂಡಿನ ಮೇಲೆ ಯುದ್ಧ ಹೂಡಿದ್ದ ಸ್ವೀಡನ್ನಿನ ಸೇನೆ ಸೇರಿದ. ಪೋಲೆಂಡಿನವರು ಹಿಡಿದರು, ಅವರ ಕಡೆ ಸೇರಿದ. ಸ್ವೀಡನ್ನಿನವರು ಹಿಡಿದರು, ಮತ್ತೆ ಇತ್ತ ಬಂದ. ಹೀಗೆ ಹಲವು ಸಲ. ಆ ಯುದ್ಧದಲ್ಲಿ ಇದು ನಾಚಿಕೆಯ ವಿಷಯವಾಗಿರಲಿಲ್ಲ. ಕರಾರು ಮುಗಿದವನೂ ಸೆರೆ ಸಿಕ್ಕವನೂ ಹೊಸ ಧಣಿಯನ್ನು ಹುಡುಕಿಕೊಳ್ಳಬಹುದಿತ್ತು. ಬಾಗಿಲು ಎರಡೂ ಕಡೆ ತೆರೆಯುತ್ತದೆ ಎಂಬ ಈ ಅಭ್ಯಾಸದಲ್ಲೇ ಅವನು 1661ರಲ್ಲಿ ರಷ್ಯಾಕ್ಕೆ ಮೇಜರ್ ಆಗಿ ಹೋದ. ಕೆಲವೇ ವರ್ಷದ ಮಾತು ಎಂದುಕೊಂಡೇ ಹೋದ.

ಮಾಸ್ಕೋದಲ್ಲಿ ಕಾಲಿಟ್ಟ ಕೂಡಲೇ ಅವನಿಗೆ ತಪ್ಪು ಅರಿವಾಯಿತು. ಬರಬೇಕಾದ ಬಹುಮಾನ ಕೊಡಲು ಗುಮಾಸ್ತ ಲಂಚ ಕೇಳುತ್ತಾನೆ. ಸಂಬಳ ತಾಮ್ರದ ನಾಣ್ಯದಲ್ಲಿ. ಬೆಳ್ಳಿಯ ಬೆಲೆಗೆ ಹೊರಡಿಸಿದ ಆ ತಾಮ್ರ ದಿನದಿನಕ್ಕೂ ಬೆಲೆ ಕಳೆದುಕೊಳ್ಳುತ್ತಿತ್ತು. 1662ರಲ್ಲಿ ಮಾಸ್ಕೋದ ಜನ ಇದೇ ಕಾರಣಕ್ಕೆ ದಂಗೆ ಎದ್ದರು. ವಾಪಸ್ ಹೋಗುತ್ತೇನೆ ಎಂದು ಗಾರ್ಡನ್ ಹೇಳಿದಾಗ ತಿಳಿದವರು ಎಚ್ಚರಿಸಿದರು. ನೀನು ಕ್ಯಾಥೊಲಿಕ್, ರಷ್ಯಾದ ಶತ್ರುವಾದ ಪೋಲೆಂಡಿನಿಂದ ಬಂದವನು. ಬಂದ ತಕ್ಷಣ ಹೊರಟರೆ ಬೇಹುಗಾರ ಅನ್ನುತ್ತಾರೆ, ಸೈಬೀರಿಯಾಕ್ಕೆ ಅಟ್ಟುತ್ತಾರೆ ಎಂದು. ಅವನು ಉಳಿದ. ಸಾಯುವವರೆಗೂ, 38 ವರ್ಷ, ಅಲ್ಲೇ ಉಳಿದ.

ರಷ್ಯಾ ಬಡ್ತಿ ಕೊಟ್ಟಿತಾ? ಖಂಡಿತ ಕೊಟ್ಟಿತು. 1678ರಲ್ಲಿ ತುರ್ಕರು ಚಿಗಿರಿನ್ ಕೋಟೆ ಮುತ್ತಿದಾಗ ಒಳಗಿನ ಮುಖ್ಯಾಧಿಕಾರಿ ಸತ್ತ. ಕೋಟೆಯ ಹೊಣೆ ಗಾರ್ಡನ್ ಮೇಲೆ ಬಿತ್ತು. ಆಮೇಲೆ ಮೇಜರ್ ಜನರಲ್ ಆದ. 1689ರಲ್ಲಿ ಎಳೆಯ ತ್ಸಾರ್ (ರಷ್ಯಾದ ದೊರೆ) ಪೀಟರ್ ಮತ್ತು ಅವನ ಅಕ್ಕ ಸೋಫಿಯಾ ನಡುವೆ ಅಧಿಕಾರದ ಜಗಳ ನಡೆದಾಗ ಗಾರ್ಡನ್ ಪರದೇಶಿ ಅಧಿಕಾರಿಗಳನ್ನು ಕರೆದುಕೊಂಡು ಪೀಟರ್ ಇದ್ದ ಮಠಕ್ಕೆ ನಡೆದ. ತಕ್ಕಡಿ ಪೀಟರ್ ಕಡೆ ವಾಲಿತು. ಮರುವರ್ಷ ಪೀಟರ್ ಅವನ ಮನೆಗೆ ಊಟಕ್ಕೆ ಬಂದ. 1696ರಲ್ಲಿ ಅಜೋವ್ ಕೋಟೆ ಹಿಡಿಯುವಾಗ ಮಣ್ಣಿನ ದಿಬ್ಬವನ್ನು ಹಂತಹಂತವಾಗಿ ಮುಂದೆ ತಳ್ಳುತ್ತಾ ಹೋದ ಯೋಜನೆಯಲ್ಲಿ ಗಾರ್ಡನ್ ಮುಂದಾಳು. 1698ರಲ್ಲಿ ಪೀಟರ್ ಪರದೇಶದಲ್ಲಿದ್ದಾಗ ಸ್ಟ್ರೆಲ್ಟ್ಸಿ ಎಂಬ ಹಳೆಯ ಕೋವಿ ಪಡೆಯ ದಂಗೆ ಅಡಗಿಸಿದ ಸೇನೆಯಲ್ಲೂ ಅವನಿದ್ದ. 1699ರ ನವೆಂಬರಿನಲ್ಲಿ ಅವನು ತೀರಿಕೊಂಡಾಗ ಕಣ್ಣು ಮುಚ್ಚಿದವನು ಸ್ವತಃ ತ್ಸಾರ್ ಪೀಟರ್. ಇಷ್ಟು ಗೌರವ ಬೇರೆ ಯಾವ ದೇಶದಲ್ಲಿ ಯಾವ ಸ್ಕಾಟನಿಗೆ ಸಿಕ್ಕಿತು?

ಇದೆಲ್ಲದರ ನಡುವೆ 1686 ಬರುತ್ತದೆ. ಅವನ ಬದುಕಿನ ಈ ವರ್ಷವನ್ನು ಬಿಟ್ಟು ಗಾರ್ಡನ್ ಬಗ್ಗೆ ತೀರ್ಪು ಕೊಡಬಾರದು. ಬ್ರಿಟನ್ನಿನಲ್ಲಿ ಕ್ಯಾಥೊಲಿಕನೇ ದೊರೆಯಾಗಿದ್ದ. ಗಾರ್ಡನ್ ರಜೆ ಪಡೆದು ಹೋದ. ಷರತ್ತು ಏನೆಂದರೆ ಹೆಂಡತಿ, ಮಕ್ಕಳು ರಷ್ಯಾದಲ್ಲೇ ಇರಬೇಕು. ಲಂಡನ್ನಿನಲ್ಲಿ ದೊರೆ ಜೇಮ್ಸ್ ಅವನನ್ನು ಆದರದಿಂದ ಕಂಡ, ಇವನನ್ನು ನಮ್ಮ ಸೇವೆಗೆ ಬಿಟ್ಟುಕೊಡಿ ಎಂದು ಮಾಸ್ಕೋಗೆ ಪತ್ರ ಬರೆದ. ಫಲ ಉಲ್ಟಾ ಆಯಿತು. ಅಧಿಕಾರ ನಡೆಸುತ್ತಿದ್ದ ಗೊಲಿತ್ಸಿನ್ ಸಿಟ್ಟಾದ. ದೂರದ ಸೀಮೆಗೆ ಅಟ್ಟುತ್ತೇವೆ, ಅತಿ ಕೆಳಗಿನ ಅಧಿಕಾರಿಯ ದರ್ಜೆಗೆ ಇಳಿಸುತ್ತೇವೆ ಎಂದು ಬೆದರಿಸಿದರು. ಐವತ್ತು ದಾಟಿದ ಜನರಲ್ ಕ್ಷಮಾಪಣೆ ಬರೆದುಕೊಟ್ಟ. ಜೇಮ್ಸ್ ಅವನನ್ನು ತನ್ನ ರಾಯಭಾರಿ ಎಂದು ನೇಮಿಸಿದಾಗಲೂ ರಷ್ಯಾ ಒಪ್ಪಲಿಲ್ಲ.

ಎಲ್ಲರಿಗೂ ಹೀಗೇ ಆಯಿತಾ? ಇಲ್ಲ. ಥಾಮಸ್ ಡಾಲಿಯೆಲ್ ಮತ್ತು ವಿಲಿಯಂ ಡ್ರಮಂಡ್ 1650ರ ದಶಕದಲ್ಲಿ ರಷ್ಯಾದ ಸೇವೆಗೆ ಹೋಗಿದ್ದರು. ಎರಡನೆಯ ಚಾರ್ಲ್ಸ್ ಪತ್ರ ಬರೆದು ಕೇಳಿದಾಗ 1665ರಲ್ಲಿ ಅವರನ್ನು ಬಿಟ್ಟರು. ಇಬ್ಬರೂ ಸ್ಕಾಟ್ಲೆಂಡಿನಲ್ಲಿ ದೊಡ್ಡ ಹುದ್ದೆ ಹಿಡಿದರು. ಅಂದರೆ ರಷ್ಯಾದಲ್ಲಿ ಬಿಡುಗಡೆಗೆ ಒಂದು ನಿಯಮವಿರಲಿಲ್ಲ. ನಿಮ್ಮ ದೊರೆ ಕೇಳುವ ಹೊತ್ತಿನಲ್ಲಿ ರಷ್ಯಾಕ್ಕೆ ನಿಮ್ಮ ಅಗತ್ಯ ಎಷ್ಟಿದೆ ಎಂಬುದರ ಮೇಲೆ ಎಲ್ಲ ನಿಂತಿತ್ತು. 1686ರಲ್ಲಿ ಕ್ರಿಮಿಯಾದ ಮೇಲೆ ದಂಡೆತ್ತಿ ಹೋಗುವ ತಯಾರಿ ನಡೆದಿತ್ತು. ತುರ್ಕರ ಎದುರು ಕೋಟೆ ಕಾದ ಅನುಭವಿಯನ್ನು ಯಾರು ಬಿಡುತ್ತಾರೆ? ಕೆಲಸ ಚೆನ್ನಾಗಿ ಮಾಡಿದಷ್ಟೂ ಹೊರಬರುವುದು ಕಷ್ಟವಾಗುವ ಜಾಗ ಇದು.

ಧರ್ಮದ ಲೆಕ್ಕವೂ ಇಲ್ಲಿ ಬೇರೆ. ಪರದೇಶಿಗಳು 1652ರಿಂದ ಮಾಸ್ಕೋದ ಹೊರಗೆ ಯೌಜಾ ನದಿಯ ಪಕ್ಕದ ಜರ್ಮನ್ ಕೇರಿಯಲ್ಲಿ ಇರಬೇಕಿತ್ತು. ತಮ್ಮ ಪ್ರಾರ್ಥನೆ ತಾವು ಮಾಡಿಕೊಳ್ಳಬಹುದು. ಆದರೆ ರಷ್ಯನ್ ರೈತರಿರುವ ಜಹಗೀರು ಬೇಕೆಂದರೆ ರಷ್ಯನ್ನರ ಆರ್ಥೊಡಾಕ್ಸ್ ಕ್ರೈಸ್ತ ಪಂಥಕ್ಕೆ ಸೇರಬೇಕು. ಆಕಿನ್‌ಟೂಲ್‌ನ ಅಲೆಕ್ಸಾಂಡರ್ ಲೆಸ್ಲಿ (ಸ್ವೀಡನ್ನಿನವನಲ್ಲ, ಅದೇ ಹೆಸರಿನ ಇನ್ನೊಬ್ಬ) 1632ರಲ್ಲಿ ರಷ್ಯಾಕ್ಕೆ ಪಡೆಗಳನ್ನು ಕಟ್ಟಿ ತಂದವನು. ಕೊನೆಗೆ ಜಹಗೀರು ಉಳಿಸಿಕೊಳ್ಳಲು ಮತ ಬದಲಿಸಿದ, ಸ್ಮೊಲೆನ್‌ಸ್ಕ್‌ನ ಆಡಳಿತಗಾರನಾದ. ಗಾರ್ಡನ್ ಮಾತ್ರ ಕೊನೆಯವರೆಗೂ ಕ್ಯಾಥೊಲಿಕನಾಗಿಯೇ ಉಳಿದ. ಮಾಸ್ಕೋದ ಕ್ಯಾಥೊಲಿಕರಿಗೆ ಪಾದ್ರಿ, ಚರ್ಚು ಸಿಗುವಂತೆ ಓಡಾಡಿದವರಲ್ಲಿ ಅವನೂ ಒಬ್ಬ. ನನಗೆ ಅವನ ಬಗ್ಗೆ ಗೌರವ ಹೆಚ್ಚಾಗುವುದು ಅಜೋವ್ ಗೆಲುವಿಗಿಂತ ಈ ಹಟಕ್ಕೆ.

ಚಕ್ರವರ್ತಿಯ ಕಡೆ

ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಸೇವೆಯನ್ನು ಒಬ್ಬನ ಬದುಕಿನಿಂದಲೇ ಅಳೆಯಬಹುದು. ವಾಲ್ಟರ್ ಲೆಸ್ಲಿ, 1606ರಲ್ಲಿ ಹುಟ್ಟಿದವನು, ಇವನೂ ಅಬರ್ಡೀನ್ ಸೀಮೆಯವನೇ, ಹುಟ್ಟಿನಿಂದ ಕ್ಯಾಲ್ವಿನ್ ಪಂಥ. 1634ರ ಆರಂಭದಲ್ಲಿ ಚಕ್ರವರ್ತಿಗೂ ಅವನ ಮಹಾ ಸೇನಾಪತಿ ವಾಲೆನ್‌ಸ್ಟೈನನಿಗೂ ನಂಬಿಕೆ ಮುರಿದಿತ್ತು. ವಾಲೆನ್‌ಸ್ಟೈನ್ ಏಗರ್ ಊರಿಗೆ ಬಂದ. ಅಲ್ಲಿನ ಕೋಟೆಯ ಅಧಿಕಾರಿ ಜಾನ್ ಗಾರ್ಡನ್ ಸ್ಕಾಟ್, ಲೆಸ್ಲಿ ಅವನ ಜೊತೆಗಾರ, ಮೂರನೆಯವನು ಐರ್ಲೆಂಡಿನ ವಾಲ್ಟರ್ ಬಟ್ಲರ್. ಫೆಬ್ರವರಿ 25ರ ರಾತ್ರಿ ವಾಲೆನ್‌ಸ್ಟೈನನ ಆಪ್ತರನ್ನು ಕೋಟೆಗೆ ಊಟಕ್ಕೆ ಕರೆದು ಅಲ್ಲೇ ಕೊಂದರು. ಆಮೇಲೆ ಬಟ್ಲರನ ಅಧಿಕಾರಿಯೊಬ್ಬ ವಾಲೆನ್‌ಸ್ಟೈನನನ್ನು ಅವನ ಕೋಣೆಯಲ್ಲೇ ಇರಿದ.

ಬಹುಮಾನ ಯಾವ ಸೇನೆಯಲ್ಲೂ ಸಿಗದಷ್ಟು. ಲೆಸ್ಲಿಗೆ ಬೊಹೀಮಿಯಾದಲ್ಲಿ ದೊಡ್ಡ ಜಹಗೀರು, 1637ರಲ್ಲಿ ಕೌಂಟ್ ಪದವಿ, ಮುಂದೆ ಫೀಲ್ಡ್ ಮಾರ್ಷಲ್, 1665ರಲ್ಲಿ ತುರ್ಕರ ಸುಲ್ತಾನನ ಬಳಿಗೆ ರಾಯಭಾರಿ. ಇಂದಿನ ಸ್ಲೊವೇನಿಯಾದ ಪ್ಟುಯ್ ಕೋಟೆ ಅವನ ಮನೆತನದ ಕೈಯಲ್ಲಿ 1802ರವರೆಗೆ ಇತ್ತು. ಇಷ್ಟಕ್ಕೆಲ್ಲ ಅವನು ಕ್ಯಾಥೊಲಿಕ್ ಆದ. ಊರಿಗೆ ಮರಳಿ ನೆಲೆಸಲಿಲ್ಲ. ಜಮೀನು ಆಸ್ಟ್ರಿಯಾದಲ್ಲಿದ್ದ ಮೇಲೆ ಬಿಡುಗಡೆಯ ಪ್ರಶ್ನೆಯೇ ಏಳುವುದಿಲ್ಲ. ಊಟಕ್ಕೆ ಕರೆದವರನ್ನು ಕೊಂದು ಗಳಿಸಿದ್ದು ಎಂಬ ಮಾತನ್ನೂ ನಾನು ಬಿಡಲಾರೆ. ಈ ದಾರಿಯನ್ನು ಯಾರಿಗೂ ಹೇಳುವ ಮನಸ್ಸು ನನಗಿಲ್ಲ.

ಫ್ರಾನ್ಸ್

ಎಲ್ಲಕ್ಕಿಂತ ಹಳೆಯ ನಂಟು ಇದು. 1295ರ ಒಪ್ಪಂದದಿಂದ ಎರಡೂ ದೇಶ ಇಂಗ್ಲೆಂಡಿನ ವಿರುದ್ಧ ಒಟ್ಟು. 1421ರಲ್ಲಿ ಬೋಜೆಯಲ್ಲಿ ಸ್ಕಾಟರು ಇಂಗ್ಲಿಷರನ್ನು ಸೋಲಿಸಿದರು. ಅವರ ನಾಯಕ ಬುಕನ್ನಿನ ಅರ್ಲ್ ಫ್ರಾನ್ಸಿನ ಕಾನ್‌ಸ್ಟೆಬಲ್ ಆದ, ಅಂದರೆ ಇಡೀ ಸೇನೆಯ ಮುಖ್ಯಸ್ಥ. ಮೂರೇ ವರ್ಷದಲ್ಲಿ ವೆರ್ನೂಯಿಯಲ್ಲಿ ಅವನೂ ಅವನ ಪಡೆಯೂ ಒಟ್ಟಿಗೆ ನೆಲ ಕಚ್ಚಿದವು. ಉಳಿದವರಿಂದ ಬೆಳೆದದ್ದು ದೊರೆಯ ಮೈಗಾವಲಿನ ಸ್ಕಾಟಿಷ್ ಪಡೆ. ಗೌರವದ ಕೆಲಸ, ಆದರೆ ಕಾಲ ಕಳೆದಂತೆ ಹೆಸರು ಮಾತ್ರ ಸ್ಕಾಟಿಷ್, ಒಳಗಿದ್ದವರು ಫ್ರೆಂಚರು. 17ನೇ ಶತಮಾನದ ಹುಡುಗ ಅದನ್ನು ನೆಚ್ಚಿಕೊಳ್ಳುವಂತಿರಲಿಲ್ಲ.

ಅವನಿಗೆ ಇದ್ದ ಜಾಗ ಜಾನ್ ಹೆಪ್‌ಬರ್ನ್ ಕಟ್ಟಿದ ರೆಜಿಮೆಂಟ್. ಹೆಪ್‌ಬರ್ನ್ ಕ್ಯಾಥೊಲಿಕ್, ಆದರೂ ಗುಸ್ತಾವ್ ಅಡಾಲ್ಫನ ಹಸಿರು ಬ್ರಿಗೇಡಿನ ನಾಯಕನಾಗಿ 1631ರಲ್ಲಿ ಬ್ರೈಟನ್‌ಫೆಲ್ಡ್ ಗೆದ್ದವರಲ್ಲಿ ಒಬ್ಬ. 1632ರಲ್ಲಿ ದೊರೆಯ ಜೊತೆ ಮನಸ್ತಾಪವಾಯಿತು. ಬಿಟ್ಟು ಹೊರಟ, ಯಾರೂ ತಡೆಯಲಿಲ್ಲ. 1633ರಲ್ಲಿ ಫ್ರಾನ್ಸಿಗಾಗಿ ಹೊಸ ಪಡೆ ಕಟ್ಟಿದ. 1636ರಲ್ಲಿ ಸವೇರ್ನ್ ಮುತ್ತಿಗೆಯಲ್ಲಿ ಗುಂಡು ತಗುಲಿ ಸತ್ತ. ಅವನ ಪಡೆ ಮಾತ್ರ ಸಾಯಲಿಲ್ಲ. 1678ರಲ್ಲಿ ಫ್ರಾನ್ಸ್ ಬಿಟ್ಟು ಬ್ರಿಟನ್ನಿಗೆ ಮರಳಿ, ರಾಯಲ್ ಸ್ಕಾಟ್ಸ್ ಎಂಬ ಹೆಸರಲ್ಲಿ 2006ರವರೆಗೆ ಬಾಳಿತು. ಪಡೆಗೆ ಪಡೆಯೇ ಊರಿಗೆ ಮರಳುವ ಅವಕಾಶವಿದ್ದ ಸೇವೆ ಇದು.

ಒಂದೆಡೆ ನಿಲ್ಲದವನು

18ನೇ ಶತಮಾನದಲ್ಲಿ ಹೋದವರಿಗೆ ಬೇರೆಯೇ ಕಷ್ಟ. ಹಿಂದೆ ಊರು ಇದೆ, ಆದರೆ ಊರಿನಲ್ಲಿ ಅವರ ತಲೆಗೆ ಶಿಕ್ಷೆ ಕಾದಿದೆ. ಜೇಮ್ಸ್ ಕೀತ್ 1715ರ ಜಾಕೊಬೈಟ್ ದಂಗೆಯಲ್ಲಿ (ಪದಚ್ಯುತ ಜೇಮ್ಸನ ವಂಶವನ್ನು ಮತ್ತೆ ಪಟ್ಟಕ್ಕೆ ತರಲು ಎದ್ದದ್ದು) ಸೇರಿದವನು, ಆಗ ಅವನಿಗೆ ಹತ್ತೊಂಬತ್ತು. 1719ರ ಇನ್ನೊಂದು ಪ್ರಯತ್ನವೂ ಸೋತಿತು. ಸ್ಪೇನಿನ ಸೇನೆ ಸೇರಿದ. ಪ್ರೊಟೆಸ್ಟೆಂಟ್ ಆದ್ದರಿಂದ ಅಲ್ಲಿ ಮೇಲೆ ಬರುವ ದಾರಿ ಮುಚ್ಚಿತ್ತು. ಸ್ಪೇನಿನ ದೊರೆಯ ಶಿಫಾರಸಿನ ಮೇಲೆ 1728ರಲ್ಲಿ ರಷ್ಯಾಕ್ಕೆ ಹೋದ. 1737ರಲ್ಲಿ ಒಚಾಕೋವ್‌ನಲ್ಲಿ ಮೊಣಕಾಲಿಗೆ ಏಟು ಬಿತ್ತು. 1747ರಲ್ಲಿ ರಷ್ಯಾ ಬಿಟ್ಟು ಉತ್ತರ ಜರ್ಮನಿಯ ಪ್ರಷ್ಯಾಕ್ಕೆ ಬಂದಾಗ ಅಲ್ಲಿನ ದೊರೆ ಫ್ರೆಡರಿಕ್ ಅವನನ್ನು ನೇರವಾಗಿ ಫೀಲ್ಡ್ ಮಾರ್ಷಲ್ ಮಾಡಿದ. 1758ರ ಅಕ್ಟೋಬರ್ 14ರಂದು ಹೋಖ್‌ಕಿರ್ಖ್‌ನಲ್ಲಿ ಸತ್ತ. ಮೂರು ದೊರೆಗಳಲ್ಲಿ ಅವನಿಗೆ ಸರಿಹೊಂದಿದವನು ಕೊನೆಯವನೇ. ಪ್ರಷ್ಯಾದಲ್ಲಿ ಮತದ ಅಡ್ಡಿ ಇಲ್ಲ, ಗೌರವವಿದೆ, ದೊರೆಯೇ ಗೆಳೆಯ. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಅವನಿಗೆ ಐವತ್ತಾಗಿತ್ತು. ಸ್ಪೇನಿನಲ್ಲಿ ಕಳೆದ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ? ಮತ ಹೊಂದದ ದೇಶಕ್ಕೆ ಹೋಗಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಯಾರಿಗೆ ಯಾವುದು

ಪ್ರೊಟೆಸ್ಟೆಂಟ್, ದೊಡ್ಡ ಆಸೆ ಇಲ್ಲ, ಹೆಂಡತಿ ಮಕ್ಕಳೊಡನೆ ಬಾಳಬೇಕು ಅನ್ನುವವನು ಕಣ್ಣು ಮುಚ್ಚಿ ಡಚ್ಚರ ಕಡೆ ಹೋಗಲಿ. ಸಾಮಾನ್ಯ ಸಿಪಾಯಿಗೂ ಇದೇ ಮೇಲು. ಬಿಡುಗಡೆ ಕಷ್ಟ, ನಿಜ, ಆದರೆ ಹೊಟ್ಟೆಗೆ ಸಿಗುತ್ತದೆ. ಹಸಿವಿನಿಂದ ಸಾಯುವ ಸಂಭವ ಜರ್ಮನಿಗಿಂತ ಇಲ್ಲಿ ಕಡಿಮೆ.

ಪ್ರೊಟೆಸ್ಟೆಂಟ್, ಧೈರ್ಯವಿದೆ, ಕೈಕೆಳಗೆ ಇಪ್ಪತ್ತು ಮೂವತ್ತು ಆಳು ಕರೆದುಕೊಂಡು ಹೋಗುವ ಶಕ್ತಿ ಇದೆ ಅನ್ನುವವನಿಗೆ ಸ್ವೀಡನ್. ಒಂದು ಷರತ್ತು: ಜಮೀನು ಕೊಟ್ಟರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬಾಕಿಯ ಪತ್ರಗಳನ್ನು ಜೋಪಾನ ಮಾಡಿ. ಲೆಸ್ಲಿಗೆ ಬಾಕಿಯೇ ಫಿರಂಗಿಯಾಗಿ ಕೈಗೆ ಬಂತು.

ರಷ್ಯಾಕ್ಕೆ ಹೋಗುವವನು ಮದುವೆಯಾಗದವನಾಗಿರಲಿ, ಅಲ್ಲೇ ಮಣ್ಣಾಗಲು ಒಪ್ಪಿದವನಾಗಿರಲಿ. ಬ್ರಿಟನ್ನಿನ ದೊರೆಯ ಬಳಿ ಮಾತು ನಡೆಯುವ ನಂಟರಿದ್ದರೆ ಸ್ವಲ್ಪ ಧೈರ್ಯ, ಆದರೂ 1686 ನೆನಪಿರಲಿ.

ಇನ್ನು ಗಾರ್ಡನ್ ತರಹದ ಕ್ಯಾಥೊಲಿಕ್ ಹುಡುಗ. ಅವನಿಗೆ ನಾನು ಫ್ರಾನ್ಸ್ ಹೇಳುತ್ತೇನೆ, ಹೆಪ್‌ಬರ್ನನ ರೆಜಿಮೆಂಟ್. ಮತ ಬದಲಿಸಬೇಕಿಲ್ಲ, ಜೊತೆಗೆ ಊರಿನವರಿದ್ದಾರೆ, ಸಮುದ್ರ ಹತ್ತಿರ. ಗಾರ್ಡನ್ ಮಟ್ಟದ ಹೆಸರು ಅಲ್ಲಿ ಬರುತ್ತಿರಲಿಲ್ಲ ಎಂದು ಯಾರಾದರೂ ವಾದಿಸಬಹುದು. ಬರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟು ತನ್ನ ಊರು ನೋಡಲು ಹೋಗುವ ಗತಿಯೂ ಬರುತ್ತಿರಲಿಲ್ಲ.

ಈ ಆಯ್ಕೆಗಳೆಲ್ಲ ಕಾನೂನಿನ ಕಣ್ಣಲ್ಲಿ ಮುಗಿದದ್ದು 1819ರಲ್ಲಿ. ಸ್ಪೇನಿನ ವಿರುದ್ಧ ದಕ್ಷಿಣ ಅಮೆರಿಕದಲ್ಲಿ ನಡೆಯುತ್ತಿದ್ದ ಯುದ್ಧಗಳಿಗೆ ಬ್ರಿಟನ್ನಿನ ಸೈನಿಕರು ಗುಂಪುಗುಂಪಾಗಿ ಹೋಗುತ್ತಿದ್ದರು. ಅದನ್ನು ತಡೆಯಲು ಪಾರ್ಲಿಮೆಂಟ್ ಕಾನೂನು ಮಾಡಿತು. ದೊರೆಯ ಪರವಾನಗಿ ಇಲ್ಲದೆ ಪರದೇಶದ ಸೇನೆ ಸೇರುವುದು ಅಂದಿನಿಂದ ಅಪರಾಧವಾಯಿತು.